ಕೋವಿ ಮಾಡಿದ ಕೈ

ಯುದ್ಧಗಳ ಚರಿತ್ರೆಯನ್ನು ಓದುವಾಗ ಕೋವಿಯ ಸದ್ದು ಪುಟಪುಟದಲ್ಲಿಯೂ ಕೇಳಿಸುತ್ತದೆ. ಅದನ್ನು ಹಿಡಿದವನಾರು, ಯಾವ ಮರೆಯಲ್ಲಿ ನಿಂತಿದ್ದನು, ಅವನ ಗುಂಡಿಗೆ ಬಿದ್ದ ಸೇನಾಪತಿ ಯಾರು ಎಂಬುದನ್ನೆಲ್ಲ ಚರಿತ್ರಕಾರರು ಬರೆದಿಟ್ಟಿದ್ದಾರೆ. ಆ ಕೋವಿಯನ್ನು ಮಾಡಿದವನಾರು, ಯಾವ ಕುಲುಮೆಯಲ್ಲಿ ಅದರ ಕಬ್ಬಿಣ ಕಾಯಿತು, ಯಾರ ಉಳಿಯಲ್ಲಿ ಅದರ ಮರ ರೂಪು ತಳೆಯಿತು ಎಂದು ಕೇಳಿದರೆ ಮಾತ್ರ ಗ್ರಂಥಗಳಲ್ಲಿ ಉತ್ತರ ದೊರೆಯುವುದು ಕಷ್ಟ. ಇಂದು ನಾನು ಹೇಳಹೊರಟಿರುವುದು ಅಂಥ ಕೆಲವು ಕೈಗಳ ವಿಚಾರ. ಮನೆಯ ಪಕ್ಕದ ಕುಲುಮೆಯಲ್ಲಿ ಒಬ್ಬಿಬ್ಬರು ಸೇರಿ ಕೋವಿ ಮಾಡುತ್ತಿದ್ದ ವಿದ್ಯೆಯೊಂದು ಅಮೆರಿಕದಲ್ಲಿ ಬೆಳೆದು, ಯಂತ್ರದ ಮುಂದೆ ಸೋತು, ಬಹುಕಾಲದ ಮೇಲೆ ಮತ್ತೆ ಮನುಷ್ಯರ ಕೈಗೆ ಮರಳಿದ ವೃತ್ತಾಂತ ಇದು. ಅದರ ತುದಿಯಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೂ ಕೊಡಗಿಗೂ ಸೇರಿದ ಒಂದು ಪ್ರಶ್ನೆಯಿದೆ.

ಮೊದಲು ಕೋವಿಯ ಸ್ವರೂಪವನ್ನು ನೋಡೋಣ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಮೇಲೆ ಗುಂಡನ್ನಿಟ್ಟು, ಗಜದಿಂದ ಗಿಡಿದು ಹಾರಿಸುವ ಕೋವಿಯನ್ನು ಮಲೆನಾಡಿನ ಹಿರಿಯರು ಬಲ್ಲರು. ಅವರು ಕಂಡದ್ದು ಬಹುಮಟ್ಟಿಗೆ ಕೇಪಿನ ಕೋವಿ. ಕೇಪು ಬರುವುದಕ್ಕೆ ಮುಂಚೆ, ಹದಿನೆಂಟನೆಯ ಶತಮಾನದಲ್ಲಿ, ಬೆಂಕಿ ಕೊಡುತ್ತಿದ್ದುದು ಚಕಮಕಿ ಕಲ್ಲು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಫಲಕಕ್ಕೆ ಬಡಿದಾಗ ಕಿಡಿ ಹಾರಿ ರಂಜಕದ ಬಟ್ಟಲಿಗೆ ಬೀಳುತ್ತದೆ. ಅಲ್ಲಿ ಹೊತ್ತಿದ ಉರಿ ಸಣ್ಣದೊಂದು ತೂತಿನ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಸಿಪಾಯಿಗಳ ಬಂದೂಕದ ನಳಿಗೆ ಒಳಗೆ ನುಣುಪಾಗಿತ್ತು. ರೈಫಲ್ ಎಂಬುದರ ವಿಶೇಷವೆಂದರೆ ಅದರ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಸುತ್ತಿದ ಗುಂಡು ಆ ಗೀರುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದ ಅದರ ದಾರಿ ನೇರವಾಗಿರುತ್ತದೆ. ನುಣುಪು ನಳಿಗೆಯ ಬಂದೂಕದಿಂದ ನೂರು ಗಜದಾಚೆಗೆ ಒಬ್ಬ ಮನುಷ್ಯನಿಗೆ ಗುರಿಯಿಡುವುದು ಅದೃಷ್ಟದ ಮಾತಾಗಿದ್ದ ಕಾಲದಲ್ಲಿ, ಪಳಗಿದ ಬೇಟೆಗಾರನು ರೈಫಲಿನಿಂದ ಇನ್ನೂರು ಗಜದ ಗುರಿಯನ್ನು ಮುಟ್ಟುತ್ತಿದ್ದನು.

ಈ ಕೋವಿ ಜರ್ಮನ್ ಮಾತನಾಡುವ ನಾಡುಗಳಿಂದ ಅಮೆರಿಕಕ್ಕೆ ಹೋಯಿತು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದು ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದವರಲ್ಲಿ ಕೋವಿ ಮಾಡುವ ಕಮ್ಮಾರರಿದ್ದರು. ಅವರು ತಂದ ಮಾದರಿಗೆ ಯೇಗರ್ ಎಂದು ಹೆಸರು. ಯೇಗರ್ ಎಂದರೆ ಬೇಟೆಗಾರ. ಅದು ಗಿಡ್ಡ ನಳಿಗೆಯ, ದೊಡ್ಡ ಬಾಯಿಯ ಕೋವಿ. ಮಾರುಕಟ್ಟೆಯಿಂದ ವಾರಗಟ್ಟಲೆ ದೂರವಿರುವ ಕಾಡಿನಲ್ಲಿ ಅಲೆಯುವವರಿಗೆ ಅದು ಒಗ್ಗಲಿಲ್ಲ. ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊರಬೇಕಷ್ಟೆ. ಒಂದು ಪೌಂಡು ಸೀಸದಿಂದ ದೊಡ್ಡ ಬಾಯಿಯ ಯೇಗರಿಗೆ 20 ಗುಂಡುಗಳಾದರೆ, ಅರ್ಧ ಅಂಗುಲಕ್ಕಿಂತ ತುಸು ಕಿರಿದಾದ ಬಾಯಿಗೆ 40ಕ್ಕೂ ಹೆಚ್ಚು ಗುಂಡುಗಳಾಗುತ್ತವೆ. ಹೀಗೆ ಬಾಯಿ ಕಿರಿದಾಯಿತು, ನಳಿಗೆ 42 ಅಂಗುಲ, 44 ಅಂಗುಲಕ್ಕೆ ಬೆಳೆಯಿತು, ಹಿಡಿಮರ ತೆಳುವಾಯಿತು. ಬಳಸುವವನ ಬಡತನವೂ ದೂರದ ದಾರಿಯೂ ಸೇರಿ ರೂಪಿಸಿದ ಈ ನೀಳವಾದ ಕೋವಿಯನ್ನೇ ಮುಂದೆ ಜನ ಕೆಂಟಕಿ ರೈಫಲ್ ಎಂದು ಕರೆದರು. ಹುಟ್ಟಿದ ಊರಿನ ಹೆಸರು ಹಿಂದೆ ಸರಿದು, ಬೇಟೆಗಾರ ಹೊತ್ತು ನಡೆದ ಊರಿನ ಹೆಸರು ನಿಂತಿತು.

ಅದನ್ನು ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋವಿಯ ಕಮ್ಮಾರನ ಕಾರ್ಯಾಗಾರ ಸಾಮಾನ್ಯವಾಗಿ ಅವನ ಮನೆಯ ಅಂಗಳದಲ್ಲಿಯೇ ಇರುತ್ತಿತ್ತು. ನಳಿಗೆಯೆಂದರೆ ಮೊದಲಿಗೆ ಮೆದು ಕಬ್ಬಿಣದ ಒಂದು ದಪ್ಪ ಪಟ್ಟಿ. ಅದನ್ನು ಕಾಯಿಸಿ ಉದ್ದಕ್ಕೂ ಕೊಳವೆಯಂತೆ ಬಾಗಿಸಿ, ಎರಡು ಅಂಚುಗಳನ್ನೂ ಒಂದಕ್ಕೊಂದು ಬೆಸೆಯಬೇಕು. ಬೆಸುಗೆಯ ಕಾವು ಬಂದಾಗ ಕಬ್ಬಿಣ ಬೆಳ್ಳಗಾಗಿ ಕಿಡಿಯುಗುಳಲು ತೊಡಗುತ್ತದೆ. ಆ ಗಳಿಗೆಗೆ ಮುಂಚೆ ಹೊಡೆದರೆ ಅಂಟುವುದಿಲ್ಲ, ಮೀರಿದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಒಂದು ಸಲಕ್ಕೆ ಬೆಸೆಯಬಹುದಾದದ್ದು ಎರಡು ಮೂರು ಅಂಗುಲ ಮಾತ್ರ. ಒಳಗೊಂದು ಸಲಾಕೆಯನ್ನು ತೂರಿಸಿ, ಅದು ಅಂಟಿಕೊಳ್ಳುವ ಮೊದಲೇ ಬಡಿದು ತೆಗೆಯಬೇಕು. ತಿದಿಯ ಬಳಿ ಒಬ್ಬ, ಸಮ್ಮಟಿ ಹಿಡಿದು ಒಬ್ಬ, ಇಕ್ಕುಳ ಹಿಡಿದು ಯಜಮಾನ, ಹೀಗೆ ಇಡೀ ನಳಿಗೆ ಅಂಗುಲ ಅಂಗುಲವಾಗಿ ಕೂಡುತ್ತಿತ್ತು. ಅನಂತರ ಉದ್ದನೆಯ ಬೈರಿಗೆಗಳಿಂದ ಒಳಗನ್ನು ಕೊರೆದು ಹದಗೊಳಿಸುವುದು. ನಳಿಗೆಯೊಳಗೆ ಬಿಗಿಯಾಗಿ ದಾರವೆಳೆದು, ಬೆಳಕಿಗೆ ಹಿಡಿದು, ಎಲ್ಲಿ ಡೊಂಕಿದೆಯೆಂದು ಕಣ್ಣಿನಿಂದಲೇ ಕಂಡು ಸುತ್ತಿಗೆಯಿಂದ ತಿದ್ದುವುದು. ಹೊರಮೈಯನ್ನು ಅರದಿಂದ ಉಜ್ಜಿ ಎಂಟು ಪಟ್ಟೆಗಳಾಗಿ ಮಾಡುವುದು.

ಎಲ್ಲಕ್ಕಿಂತ ನಾಜೂಕಾದದ್ದು ಸುರುಳಿಗೀರುಗಳ ಕೆಲಸ. ಇದಕ್ಕೆ ಮರದ ಉದ್ದ ಮಣೆಯೊಂದಿತ್ತು. ಅದರ ಮೇಲೆ, ಮೈತುಂಬ ಸುರುಳಿಯಾಗಿ ತೋಡಿದ ಮರದ ಉರುಳೆ. ಉರುಳೆಯನ್ನು ಎಳೆದರೆ ಅದು ತನ್ನ ಸುರುಳಿಯನ್ನೇ ಅನುಸರಿಸಿ ತಿರುಗುತ್ತ ಬರುತ್ತದೆ. ಅದರ ತುದಿಗೆ ಜೋಡಿಸಿದ ಕೋಲಿನಲ್ಲಿರುವ ಪುಟ್ಟ ಉಕ್ಕಿನ ಹಲ್ಲು ನಳಿಗೆಯ ಒಳಮೈಯಲ್ಲಿ ಅದೇ ಸುರುಳಿಯನ್ನು ಗೀರುತ್ತದೆ. ಒಂದು ಎಳೆತಕ್ಕೆ ಕೂದಲೆಳೆಯಷ್ಟು ಕಬ್ಬಿಣ ಮಾತ್ರ ಏಳುತ್ತದೆ. ಹಲ್ಲಿನ ಕೆಳಗೆ ಕಾಗದದ ಚೂರೊಂದನ್ನು ಸೇರಿಸಿ ಅದನ್ನು ತುಸು ಎತ್ತರಿಸಿ ಮತ್ತೆ ಎಳೆಯಬೇಕು. ಸಾಮಾನ್ಯವಾಗಿ ಏಳು ಗೀರುಗಳು. ಸುಮಾರು 48 ಅಂಗುಲಕ್ಕೆ ಒಂದು ಸುತ್ತು. ವರ್ಷಗಳ ಬಳಕೆಯಿಂದ ಗೀರು ಸವೆದ ಕೋವಿ ಮತ್ತೆ ಕುಲುಮೆಗೆ ಬಂದಾಗ, ಅದೇ ನಳಿಗೆಯೊಳಗೆ ಸೀಸವೆರೆದು ಅಚ್ಚು ತೆಗೆದು, ಆ ಅಚ್ಚನ್ನೇ ದಾರಿ ತೋರಿಸುವ ಉರುಳೆಯನ್ನಾಗಿ ಮಾಡಿ ಗೀರನ್ನು ಹೊಸದಾಗಿಸುತ್ತಿದ್ದರು. ಹಳೆಯ ಕೆಲಸವೇ ಹೊಸ ಕೆಲಸಕ್ಕೆ ಗುರುವಾಗುತ್ತಿದ್ದ ಈ ಸಂಗತಿಯನ್ನು ನೀವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ನಳಿಗೆಯಾದ ಮೇಲೆ ಮರದ ಕೆಲಸ. ಅಲೆಯಲೆಯಾದ ನಾರಿನ ಮೇಪಲ್ ಮರವನ್ನು ನಳಿಗೆಯ ಉದ್ದಕ್ಕೂ ಒಪ್ಪುವಂತೆ ತೋಡಿ, ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲವನ್ನು ಸವರಿ ಬಿಸಿ ತೋರಿಸಿದರೆ ಮರ ಕೆಂಗಂದು ಬಣ್ಣಕ್ಕೆ ತಿರುಗಿ ಅದರ ಅಲೆಗಳು ಎದ್ದು ಕಾಣುತ್ತವೆ. ಹಿಂಬದಿಯಲ್ಲಿ ಬಟ್ಟೆಯ ಚೂರುಗಳನ್ನಿಡಲು ಹಿತ್ತಾಳೆಯ ಮುಚ್ಚಳವಿರುವ ಪುಟ್ಟ ಪೆಟ್ಟಿಗೆ. ಈ ಮುಚ್ಚಳದ ಕೆತ್ತನೆಯಿಂದಲೇ ಇದು ಯಾವ ಊರಿನ, ಯಾವ ಪಾಠಾಂತರದ ಕೆಲಸವೆಂದು ಬಲ್ಲವರು ಗುರುತಿಸುತ್ತಾರೆ. ಕುದುರೆ, ಕಮಾನುಗಳಿರುವ ಯಂತ್ರಭಾಗವನ್ನು ಮಾತ್ರ ಅನೇಕರು ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಬಂದುದನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಒಬ್ಬನೇ ಕಮ್ಮಾರ ಕಾಡಿನಂಚಿನಲ್ಲಿ ಕುಳಿತು ಎಲ್ಲವನ್ನೂ ತಾನೇ ಮಾಡುತ್ತಿದ್ದನೆಂಬ ಚಿತ್ರ ಸುಂದರವಾದರೂ ಪೂರ್ತಿ ನಿಜವಲ್ಲ. ಎಲ್ಲವನ್ನೂ ಜೋಡಿಸಿ, ಇಮ್ಮಡಿ ಮದ್ದು ತುಂಬಿ ದೂರದಿಂದ ಹಾರಿಸಿ, ನಳಿಗೆ ತಡೆದುಕೊಂಡರೆ ಗಿರಾಕಿಗೆ ಕೊಡುತ್ತಿದ್ದರು.

ಈ ಕೋವಿಯ ಕೀರ್ತಿಯನ್ನು ಅಮೆರಿಕನ್ನರು ಮನದಣಿಯೆ ಹಾಡಿದ್ದಾರೆ. 1775ರ ಜೂನ್ 14ರಂದು ಅವರ ಕಾಂಗ್ರೆಸ್ಸು ಸ್ವಾತಂತ್ರ್ಯಸಮರಕ್ಕಾಗಿ ಮೊದಲು ಕೂಡಿಸಿದ ಹತ್ತು ದಳಗಳು ರೈಫಲ್ ಹಿಡಿದವರವೇ: ಪೆನ್ಸಿಲ್ವೇನಿಯಾದಿಂದ ಆರು, ಮೇರಿಲ್ಯಾಂಡಿನಿಂದ ಎರಡು, ವರ್ಜೀನಿಯಾದಿಂದ ಎರಡು. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಗುಡ್ಡದಲ್ಲಿ ಗಡಿನಾಡಿನ ರೈಫಲುಗಾರರು ಒಂದು ಗಂಟೆಯ ಕಾಳಗದಲ್ಲಿ ಆಂಗ್ಲಪಕ್ಷದ ಪಡೆಯನ್ನು ಸೋಲಿಸಿದರು. ಆ ಪಡೆಯ ನಾಯಕನಾಗಿ ಸತ್ತ ಪ್ಯಾಟ್ರಿಕ್ ಫರ್ಗುಸನ್ ತಾನೇ ಒಂದು ಹೊಸ ಬಗೆಯ ರೈಫಲನ್ನು ಕಂಡುಹಿಡಿದಿದ್ದವನು. ಆದರೆ ಕೀರ್ತಿಯ ಮಗ್ಗುಲಲ್ಲಿಯೇ ಇನ್ನೊಂದು ಪುಟವಿದೆ. ಗಡಿನಾಡಿನ ನೆಲ ಖಾಲಿಯಾಗಿರಲಿಲ್ಲ. ಅಲ್ಲಿ ಡೆಲವೇರ್, ಶಾನೀ ಮೊದಲಾದ ಮೂಲನಿವಾಸಿಗಳಿದ್ದರು. ಈ ರೈಫಲನ್ನು ಬಳಸುವುದರಲ್ಲಿ ಅವರೂ ನಿಪುಣರಾಗಿದ್ದರು. ಅವರ ನೆಲವನ್ನು ಕಸಿದುಕೊಂಡವರ ಹೆಗಲ ಮೇಲೆಯೂ ಈ ಕೋವಿಯೇ ಇತ್ತು. 1763ರ ಡಿಸೆಂಬರಿನಲ್ಲಿ ಗಡಿನಾಡಿನ ಗುಂಪೊಂದು ಕಾನೆಸ್ಟೋಗ ಎಂಬಲ್ಲಿ ಶಾಂತವಾಗಿ ಬಾಳುತ್ತಿದ್ದ ಆರು ಮಂದಿ ಮೂಲನಿವಾಸಿಗಳನ್ನು ಕೊಂದು, ಹದಿಮೂರು ದಿನಗಳ ಮೇಲೆ ಲ್ಯಾಂಕಾಸ್ಟರ್ ಪಟ್ಟಣದೊಳಗೇ ನುಗ್ಗಿ, ರಕ್ಷಣೆಗೆಂದು ಇರಿಸಿದ್ದ ಉಳಿದ ಹದಿನಾಲ್ಕು ಮಂದಿಯನ್ನೂ ಮಕ್ಕಳೆನ್ನದೆ ಕೊಂದುಹಾಕಿತು. ಆ ಚೆಲುವಾದ ಕೆತ್ತನೆಯ ಕೋವಿಗಳು ಹುಟ್ಟುತ್ತಿದ್ದ ಊರೇ ಅದು. ಕುಶಲತೆಯನ್ನು ಮೆಚ್ಚುವವನು ಈ ಮಾತನ್ನು ಮರೆಯಬಾರದು.

ಇನ್ನು ಈ ವಿದ್ಯೆ ಅಳಿದ ಬಗೆ. ಕೈಯಿಂದ ಮಾಡಿದ ಕೋವಿಯ ಒಂದು ತಿರುಪು ಇನ್ನೊಂದು ಕೋವಿಗೆ ಹೊಂದುವುದಿಲ್ಲ. ರಣರಂಗದಲ್ಲಿ ಒಂದು ಕಮಾನು ಮುರಿದರೆ ಕಮ್ಮಾರನೇ ಬರಬೇಕು. ಫ್ರಾನ್ಸಿನಲ್ಲಿ ಆನೋರೆ ಬ್ಲಾಂಕ್ ಎಂಬುವನು ಕೋವಿಯ ಯಂತ್ರಭಾಗಗಳನ್ನು ಒಂದೇ ಅಳತೆಗೆ ಮಾಡಿ, ಒಂದರ ಬದಲು ಇನ್ನೊಂದನ್ನು ಜೋಡಿಸಬಹುದೆಂದು ತೋರಿಸಿದನು. 1785ರಲ್ಲಿ ಜೆಫರ್ಸನ್ ಅದನ್ನು ಕಂಡು ಅಮೆರಿಕಕ್ಕೆ ಪತ್ರ ಬರೆದನು. 1798ರಲ್ಲಿ ಈಲೈ ವಿಟ್ನಿ ಹತ್ತು ಸಾವಿರ ಬಂದೂಕಗಳ ಸರಕಾರಿ ಗುತ್ತಿಗೆ ಹಿಡಿದು, 1801ರಲ್ಲಿ ಗಣ್ಯರ ಮುಂದೆ ಬಿಡಿಭಾಗಗಳನ್ನು ಅದಲು ಬದಲು ಮಾಡಿ ಜೋಡಿಸಿ ಬೆರಗುಗೊಳಿಸಿದನು. 1820ರ ಹೊತ್ತಿಗೆ ತಾಮಸ್ ಬ್ಲಾಂಚರ್ಡ್ ಹಿಡಿಮರವನ್ನು ಕಡೆಯುವ ಯಂತ್ರವನ್ನು ರೂಪಿಸಿದನು. ಆ ದಶಕದಲ್ಲಿಯೇ ಹಾರ್ಪರ್ಸ್ ಫೆರಿಯ ಸರಕಾರಿ ಕಾರ್ಖಾನೆಯಲ್ಲಿ ಜಾನ್ ಹಾಲ್ ನಿಜವಾಗಿಯೂ ಅದಲು ಬದಲು ಮಾಡಬಲ್ಲ ಭಾಗಗಳ ರೈಫಲುಗಳನ್ನು ತಯಾರಿಸಿದನು. ಇಂದು ನಮ್ಮ ಹೊಲಿಗೆ ಯಂತ್ರ, ಸೈಕಲ್ಲು, ಮೋಟಾರುಗಳೆಲ್ಲ ಹುಟ್ಟುವ ಕ್ರಮದ ಮೊದಲ ಪಾಠಶಾಲೆ ಕೋವಿಯ ಕಾರ್ಖಾನೆ. ಮನೆಯ ಕುಲುಮೆಗಳು ಒಂದೊಂದಾಗಿ ಆರಿದವು. ಕೆಲವರು ಕಾರ್ಖಾನೆಯ ನಳಿಗೆಗೆ ಮರ ಕೂರಿಸುವುದಕ್ಕೆ ಇಳಿದರು, ಕೆಲವರು ರಿಪೇರಿಗೆ ಇಳಿದರು. ಅಪಲೇಶಿಯನ್ ಬೆಟ್ಟಸಾಲಿನ ಮೂಲೆಗಳಲ್ಲಿ ಮಾತ್ರ ಎಳೆ ಪೂರ್ತಿ ಕಡಿಯದೆ ಇಪ್ಪತ್ತನೆಯ ಶತಮಾನದವರೆಗೂ ತೆಳ್ಳಗೆ ಉಳಿದಿತ್ತು.

ಮತ್ತೆ ಆ ಎಳೆಯನ್ನು ಹಿಡಿದವರು ಮೊದಲು ಸಂಗ್ರಾಹಕರು ಮತ್ತು ಹವ್ಯಾಸಿಗಳು. 1924ರಲ್ಲಿ ಡಿಲಿನ್ ಎಂಬುವರು ಕೆಂಟಕಿ ರೈಫಲಿನ ಮೇಲೆ ಗ್ರಂಥ ಬರೆದರು. 1931ರಲ್ಲಿ ಓಹಾಯೋದ ಪೋರ್ಟ್ಸ್‌ಮತ್ ಊರಿನಲ್ಲಿ ಹಳೆಯ ಕೋವಿಗಳ ಒಂದು ಪಂದ್ಯ ನಡೆದು, 1933ರಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳದೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಸಾವಿರಾರು ಜನ ತಮ್ಮ ಮನೆಯ ಹಿತ್ತಿಲಲ್ಲಿ ಕೊಂಡ ನಳಿಗೆಗೆ ಮರ ತೋಡಿ ಕೂರಿಸತೊಡಗಿದರು. ಆದರೆ ಕಬ್ಬಿಣದ ಪಟ್ಟಿಯಿಂದ ಆರಂಭಿಸಿ, ನಳಿಗೆ, ಗೀರು, ಕಮಾನು, ತಿರುಪು, ಹಿತ್ತಾಳೆ, ಮರ ಎಲ್ಲವನ್ನೂ ಹಳೆಯ ಹತ್ಯಾರಗಳಿಂದಲೇ ಮಾಡಬಲ್ಲವರಿದ್ದಾರೆಯೇ ಎಂಬ ಪ್ರಶ್ನೆ ಉಳಿದೇ ಇತ್ತು. ಉತ್ತರ ಕೊಟ್ಟವನು ವರ್ಜೀನಿಯಾದ ತರುಣ ವಾಲೆಸ್ ಗಸ್ಲರ್. ಹಳೆಯ ರಾಜಧಾನಿ ವಿಲಿಯಮ್ಸ್‌ಬರ್ಗಿನ ವಸ್ತುಸಂಗ್ರಹಾಲಯ-ನಗರಕ್ಕೆ 1962ರಲ್ಲಿ ಸೇರಿದ ಅವನು ಆ ದಶಕದಲ್ಲಿ ಅದನ್ನು ಸಾಧಿಸಿದನು. 1969ರಲ್ಲಿ ಅವನ ಕೆಲಸದ ಮೇಲೆ ಸುಮಾರು ಒಂದು ಗಂಟೆಯ ಚಲನಚಿತ್ರವೊಂದು ಬಂದಿತು.

ಆ ಚಿತ್ರವನ್ನು ನಾನು ಎರಡು ಬಾರಿ ನೋಡಿದ್ದೇನೆ. ಮೊದಲ ಸಲ ನನ್ನ ಗಮನವೆಲ್ಲ ಕಿಡಿ, ಬೆಂಕಿಗಳ ಮೇಲಿತ್ತು. ಎರಡನೆಯ ಸಲ ಆ ಮನುಷ್ಯನ ಕಣ್ಣನ್ನೇ ನೋಡುತ್ತಿದ್ದೆ. ಕಬ್ಬಿಣ ಬೆಳ್ಳಗಾಗುವ ಮುನ್ನ ಅವನು ಕಾಯುತ್ತಾನೆ. ಗ್ರಂಥದಲ್ಲಿ ಆ ಕಾಯುವಿಕೆ ಬರೆದಿರುವುದಿಲ್ಲ, ಬರೆಯಲೂ ಆಗದು. ಅದನ್ನು ಹೇಳಿಕೊಡಬಲ್ಲ ಗುರು ಅವನ ಬಳಿ ಇರಲಿಲ್ಲ. ಇದ್ದದ್ದು ಹಳೆಯ ಕೋವಿಗಳು, ಅವುಗಳ ಮರೆಯ ಭಾಗಗಳಲ್ಲಿ ಉಳಿದ ಅರದ ಗುರುತು, ಉಳಿಯ ಗುರುತು. ಮರದಿಂದ ನಳಿಗೆಯನ್ನು ಬಿಡಿಸಿ ನೋಡಿದರೆ ಒಳಗಿನ ತೋಡಿನಲ್ಲಿ ಸತ್ತ ಕಮ್ಮಾರನ ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂಬುದು ಕಾಣುತ್ತದೆ. ಸವೆದ ನಳಿಗೆಯೇ ತನ್ನ ಗೀರಿಗೆ ತಾನೇ ಗುರುವಾಗುತ್ತಿತ್ತೆಂದು ಆಗಲೇ ಹೇಳಿದೆನಷ್ಟೆ. ಇಲ್ಲಿ ಇಡೀ ಕೋವಿಯೇ ಗುರುವಾಯಿತು. ಗಸ್ಲರನ ಬಳಿಕ ಗ್ಯಾರಿ ಬ್ರಂಫೀಲ್ಡ್ ಮೊದಲಾದವರು ಆ ಕುಲುಮೆಯಲ್ಲಿ ಕೆಲಸವನ್ನು ಮುಂದುವರಿಸಿದರು. ಗಸ್ಲರ್ ಸ್ವತಃ ಮುಂದೆ ಅದೇ ಸಂಸ್ಥೆಯಲ್ಲಿ ಪೀಠೋಪಕರಣಗಳ ಸಂಗ್ರಹಾಧಿಕಾರಿಯಾದನು; ಕೈಯಿಂದ ಕಲಿತವನು ವಿದ್ವಾಂಸನಾದನು.

ಇದರಿಂದ ಚರಿತ್ರೆಗೆ ಏನು ಲಾಭವೆಂದು ನೀವು ಕೇಳಬಹುದು. ವಸ್ತುವನ್ನು ಬಿಚ್ಚಿ ನೋಡುವ ಅಭ್ಯಾಸ ಕಾಗದದ ಮೇಲಿನ ಎಷ್ಟೋ ಕಥೆಗಳನ್ನು ತಿದ್ದುತ್ತದೆ. ಈಲೈ ವಿಟ್ನಿಯ ಪ್ರದರ್ಶನದ ಕಥೆ ಒಂದೂವರೆ ಶತಮಾನ ಪಠ್ಯಪುಸ್ತಕಗಳಲ್ಲಿ ಮೆರೆಯಿತು. ಕೊನೆಗೆ ಅವನ ಕಾರ್ಖಾನೆಯ ಉಳಿದ ಬಂದೂಕಗಳನ್ನು ಪರೀಕ್ಷಿಸಿದಾಗ ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಹೊಂದಲಿಲ್ಲ. ಅವನ್ನೂ ಅರದಿಂದ ಉಜ್ಜಿಯೇ ಕೂರಿಸಿದ್ದರು. ಯಂತ್ರಯುಗದ ವೀರನ ಬೆನ್ನ ಹಿಂದೆಯೂ ಹೆಸರಿಲ್ಲದ ಕಮ್ಮಾರರ ಕೈಗಳೇ ಇದ್ದವು.

ಈಗ ನಮ್ಮ ನಾಡಿಗೆ ಬರೋಣ. ಗಸ್ಲರನ ಕುಲುಮೆಯಿದ್ದ ಊರಿನಿಂದ ಇಪ್ಪತ್ತು ಕಿಲೋಮೀಟರು ದೂರದಲ್ಲಿ ಯಾರ್ಕ್‌ಟೌನ್ ಇದೆ. ಅಲ್ಲಿ 1781ರಲ್ಲಿ ಯಾರ ಸೈನ್ಯ ಶರಣಾಯಿತೋ ಆ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯೆದುರು ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡನು. ಆ ಕೋಟೆಯೊಳಗೆ ಅದೇ ಕಾಲದಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯನ್ನು ಕಂಡಾಗ ಕುಶಲಕರ್ಮಿಗಳನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡಿದ್ದರು. ಪಟ್ಟಣದ ಕೋವಿಗಳ ಮೇಲೆ ಹುಲಿಯ ಪಟ್ಟೆಯ ಚಿತ್ತಾರವಿರುತ್ತಿತ್ತು. ಮಾಡಿದವನ ಹೆಸರು, ಊರು, ವರ್ಷಗಳನ್ನು ಕೆತ್ತುವ ಪದ್ಧತಿಯೂ ಇತ್ತು. ಅಸದ್ ಖಾನ್ ಮುಹಮ್ಮದ್ ಎಂಬ ಕಸಬುದಾರನು 1793-94ರಲ್ಲಿ ಮಾಡಿದ ಒಂದು ಕೋವಿಯ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಈಡುಗಳನ್ನು ತುಂಬಿ ಬೇರೆ ಬೇರೆಯಾಗಿ ಹಾರಿಸಬಹುದಾಗಿತ್ತು. 1799ರ ಮೇ 4ರಂದು ಕೋಟೆ ಬಿದ್ದಿತು; ಕೋವಿಗಳು ಲೂಟಿಯ ವಸ್ತುಗಳಾಗಿ ಕಡಲು ದಾಟಿದವು. ಇಂದು ಅವು ಇಂಗ್ಲೆಂಡಿನ ಸಂಗ್ರಹಗಳಲ್ಲಿಯೂ ಹರಾಜಿನ ಪಟ್ಟಿಗಳಲ್ಲಿಯೂ ಕಾಣಸಿಗುತ್ತವೆ.

ಲ್ಯಾಂಕಾಸ್ಟರಿನ ಕಮ್ಮಾರನನ್ನು ಸೋಲಿಸಿದ್ದು ಯಂತ್ರ. ಪಟ್ಟಣದ ಕಮ್ಮಾರನನ್ನು ಸೋಲಿಸಿದ್ದು ಪರಾಭವ, ಅದರ ಹಿಂದೆಯೇ ಕಾನೂನು. 1857ರ ದಂಗೆಯ ಬಳಿಕ ನಿರಾಯುಧೀಕರಣದ ಶಾಸನಗಳು ಬಂದವು. 1878ರ ಶಸ್ತ್ರ ಕಾಯಿದೆ ದೇಶವನ್ನೆಲ್ಲ ಪರವಾನಗಿಯ ಕಟ್ಟಿಗೆ ತಂದಿತು. ಸ್ವತಂತ್ರ ಭಾರತದ 1959ರ ಕಾಯಿದೆಯಂತೆಯೂ ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು ಅಪರಾಧ. ಅದು ಸರಿಯಲ್ಲವೆಂದು ನಾನು ವಾದಿಸುತ್ತಿಲ್ಲ. ಕೋವಿ ಸುಲಭವಾಗಿ ಸಿಗುವ ದೇಶಗಳ ದುಃಖವನ್ನು ನಾವು ಕಾಣುತ್ತಲೇ ಇದ್ದೇವೆ. ಆದರೆ ಯಂತ್ರದ ಮುಂದೆ ಸೋತ ವಿದ್ಯೆಯನ್ನು ಹವ್ಯಾಸಿಯೊಬ್ಬ ಹಿತ್ತಿಲಲ್ಲಿ ಕುಳಿತು ಮರಳಿ ಕಲಿಯಬಹುದು. ಕಾನೂನಿನಿಂದ ನಿಂತ ವಿದ್ಯೆಗೆ ಆ ದಾರಿಯೂ ಇಲ್ಲ.

ನಮ್ಮಲ್ಲಿ ಕೊಡಗು ಒಂದು ಅಪವಾದ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿರಾಯುಧೀಕರಣದಿಂದ ವಿನಾಯಿತಿ ಕೊಟ್ಟನು. ಅದು ಬೇರೆ ಬೇರೆ ರೂಪಗಳಲ್ಲಿ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ನವೀಕರಣಗೊಂಡಿದೆ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿಯೇ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ಆದರೆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಹೊರತು ಮಾಡುವುದಕ್ಕಲ್ಲ. ಕೆಲವು ವರ್ಷಗಳ ಕೆಳಗೆ ಅಲ್ಲಿನ ಒಂದು ಐನ್‌ಮನೆಯಲ್ಲಿ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯೊಂದನ್ನು ಕಂಡು, “ಅಜ್ಜ, ಇದನ್ನು ಮಾಡಿದವರು ಯಾರು?” ಎಂದು ಮನೆಯ ಹಿರಿಯರನ್ನು ಕೇಳಿದೆ. ಅವರು ನಕ್ಕು, “ಹಿಡಿದವರ ಹೆಸರು ಬೇಕಾದರೆ ನಾಲ್ಕು ತಲೆಮಾರು ಹೇಳುತ್ತೇನೆ, ಮಾಡಿದವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲವಲ್ಲ ಮಗ,” ಎಂದರು. ಆ ಮಾತು ಆ ಒಂದು ಮನೆಯದಲ್ಲ, ನಮ್ಮೆಲ್ಲರದು.

ನಮ್ಮ ಚರಿತ್ರೆ ಬರೆಯುವವರು ಶಾಸನವನ್ನು ಓದಲು ಕಲಿತರು, ನಾಣ್ಯವನ್ನು ಓದಲು ಕಲಿತರು. ಉಳಿಯ ಗುರುತನ್ನು ಓದಲು ಇನ್ನೂ ಕಲಿಯಬೇಕಾಗಿದೆ. ಕೋವಿಯ ಮಾತು ಹಾಗಿರಲಿ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಏರಿಸುವುದನ್ನು, ಮರದ ಗಾಣವನ್ನು ತೋಡುವುದನ್ನು, ಕುಡುಗೋಲಿಗೆ ಹದ ಕೊಡುವುದನ್ನು ಬಲ್ಲ ಮುದುಕರು ಕೆಲವು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆ ಕೆಲಸಗಳಿಗೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಕಾಲೇಜಿನ ಹುಡುಗರು ಒಂದು ದಿನ ಅವರ ತಿದಿಯ ಬಳಿ ಕುಳಿತು, ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಅವರು ಸುತ್ತಿಗೆ ಎತ್ತುತ್ತಾರೆಂದು ನೋಡಿ ಬರೆದುಕೊಳ್ಳಲಿ. ಸಾಧ್ಯವಾದರೆ ಸುತ್ತಿಗೆಯನ್ನು ತಾವೂ ಎತ್ತಿ ನೋಡಲಿ. ಬರೆದುಕೊಳ್ಳುವಾಗ ಆ ಮುದುಕರ ಹೆಸರನ್ನೂ ಕೇಳಿ ಬರೆದಿಡಲಿ.